ಜುಜೆಯ ಐವತ್ನಾಲ್ಕು, ರೇಡಾರಿನ ಸೊನ್ನೆ

ರೇಡಾರನ್ನು ದಿಬ್ಬದ ಮೇಲಕ್ಕೆ ಎಳೆದುಕೊಂಡು ಹೋದದ್ದು ಟ್ರ್ಯಾಕ್ಟರೋ ಜೀಪೋ, ಈಗ ನನಗೆ ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ ಅದು ನೀಲಿ ಬಣ್ಣದ ಟ್ರ್ಯಾಕ್ಟರ್. ಅವತ್ತು ಜೊತೆಗಿದ್ದ ಜುಜೆ ಮಾತ್ರ, ‘ಎತ್ತಿನ ಗಾಡಿರೀ ಸಾಹೇಬ್ರ, ಎಡಗಡೆ ಎತ್ತು ಕುಂಟತಿತ್ತು’ ಅನ್ನುತ್ತಾನೆ. ಎತ್ತು ಕುಂಟುತ್ತಿತ್ತು ಎಂಬಷ್ಟು ವಿವರ ಇರುವುದರಿಂದ ಅವನು ಹೇಳುವುದೇ ನಿಜವಿರಬೇಕು ಎಂದು ಒಮ್ಮೆ ಅನಿಸುತ್ತದೆ. ವಿವರ ಹೆಚ್ಚಿದ್ದಷ್ಟೂ ಸುಳ್ಳು ಚೆನ್ನಾಗಿ ನಿಲ್ಲುತ್ತದೆ ಎಂದು ಮರುಗಳಿಗೆಯೇ ಅನಿಸುತ್ತದೆ. ಹೀಗಾಗಿ ಮುಂದೆ ಬರೆದಿರುವುದನ್ನು ಓದುವವರು ಅಲ್ಲಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಓದಿದರೆ ನನಗೆ ಬೇಸರವಿಲ್ಲ. ನಾನೂ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದೆ. ಆಧಾರ ಕೇಳದೆ ಏನನ್ನೂ ಒಪ್ಪಬೇಡ ಎಂಬುದನ್ನು ಅಲ್ಲಿ ಚೆನ್ನಾಗಿ ಕಲಿಸಿದರು. ಒಂದು ಕಡೆ ಕೂರುವುದನ್ನು ಕಲಿಸಲಿಲ್ಲ. ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಕುರ್ಚಿ ಚುಚ್ಚತೊಡಗಿ ಬಿಟ್ಟೆ. ಆಮೇಲಿನ ಬದುಕೆಲ್ಲ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಕಾಡಿನಲ್ಲಿ ಡಬ್ಬಿ ಕಟ್ಟುವುದರಲ್ಲಿ ಕಳೆಯಿತು. ಮರಕ್ಕೆ ಕ್ಯಾಮೆರಾ ಡಬ್ಬಿ, ಶಬ್ದ ಹಿಡಿಯುವ ಡಬ್ಬಿ, ಕೊನೆಗೆ ದಿಬ್ಬದ ಮೇಲೆ ರೇಡಾರ್. ಪ್ರಾಣಿ ಪಕ್ಷಿಗಳು ಎಲ್ಲಿವೆ, ಎಷ್ಟಿವೆ, ಯಾವಾಗ ಓಡಾಡುತ್ತವೆ ಎಂದು ಯಂತ್ರದಿಂದ ತಿಳಿಯುವುದು ನನ್ನ ಉದ್ಯೋಗ. ಈಗ ಈ ಕೆಲಸಕ್ಕೆ ಸೇರುವವರು ಫೋನ್ ಮಾಡಿ, ‘ಸರ್, ಯಾವ ಕಂಪನಿ ಡಬ್ಬಿ ಚಲೋ?’ ಎಂದು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಡಬ್ಬಿ ಕಂಡದ್ದೇನು, ಕಾಣದ್ದೇನು ಎಂಬುದು.

ಮುಂಡಗೋಡಿನಲ್ಲಿ ಟಿಬೆಟನ್ನರ ಕಾಲೊನಿಯ ಹೊಲಗಳಾಚೆ ಒಂದು ಹಳ್ಳವಿದೆ. ಕಾಡುಬೆಕ್ಕು ನೀರಿಗೆ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿ ಕ್ಯಾಮೆರಾ ಕಟ್ಟಿದೆ. ಮುಂದೆ ಏನಾದರೂ ಅಲುಗಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಕಾರ್ಡು ತುಂಬಿ ತುಳುಕುತ್ತಿದೆ. ಕಾಡುಬೆಕ್ಕಿನ ಸಂಸಾರವೇ ಸಿಕ್ಕಿತು ಎಂದು ಕುಣಿದಾಡುವುದೊಂದು ಬಾಕಿ. ತೆಗೆದು ನೋಡಿದರೆ ಮೊದಲಿನಿಂದ ಕೊನೆಯವರೆಗೆ ಕೆಂಪು, ಹಸಿರು, ಹಳದಿ, ನೀಲಿ ಬಟ್ಟೆ. ಅವರ ಹೊಸವರ್ಷಕ್ಕೆ ಎರಡು ಮರಗಳ ನಡುವೆ ಪ್ರಾರ್ಥನೆಯ ಪತಾಕೆಗಳನ್ನು ಕಟ್ಟಿದ್ದರು. ಬಿಸಿಲಿಗೆ ಕಾದ ಬಟ್ಟೆ ಗಾಳಿಗೆ ಅಲುಗಿದಾಗಲೆಲ್ಲ ನನ್ನ ಕ್ಯಾಮೆರಾ ಒಂದು ಫೋಟೋ ತೆಗೆದಿತ್ತು. ಅಲ್ಲಿ ಹಾದುಹೋಗುತ್ತಿದ್ದ ಒಬ್ಬ ಲಾಮಾ, ಆ ಕಡೆಯವರೆಲ್ಲರ ಹಾಗೆ ಸೊಗಸಾದ ಕನ್ನಡದವರು, ನನ್ನ ಮುಖ ನೋಡಿ ನಿಂತರು. ಸಂಗತಿ ಹೇಳಿದೆ. ಅವರು ನಕ್ಕು, ‘ಪತಾಕಿ ಒಮ್ಮೆ ಹಾರಿದ್ರ ಒಂದು ಪ್ರಾರ್ಥನಾ ಸರ್. ನಿಮ್ಮ ಡಬ್ಬಿ ಅಷ್ಟೂ ಕಂಡೈತಿ. ಅದಕ್ಕ ಮೋಕ್ಷ ಗ್ಯಾರಂಟಿ, ನಿಮ್ಮದು ನನಗ ಗೊತ್ತಿಲ್ಲ’ ಎಂದರು.

ಜೋಯಿಡಾದಲ್ಲಿ ಗೂಬೆಗಳ ಕೂಗಿಗಾಗಿ ಕಟ್ಟಿದ ಶಬ್ದದ ಡಬ್ಬಿಯಲ್ಲಿ ಗೂಬೆಗಿಂತ ಹೆಚ್ಚಾಗಿ ಸಿಕ್ಕಿದ್ದು ಸೌದೆಗೆ ಬಂದ ಇಬ್ಬರು ಹೆಂಗಸರ ಕೊಂಕಣಿ ಮಾತು. ನನಗೆ ಕೊಂಕಣಿ ಅರ್ಧಂಬರ್ಧ. ಆದರೂ ‘ಮರಕ್ಕೆ ಡಬ್ಬಿ ಕಟ್ಟಿ ಅದರ ಜೊತೆ ಮಾತಾಡುವ ಆ ಹುಚ್ಚ’ ಯಾರು ಎಂದು ತಿಳಿಯುವಷ್ಟು ಬರುತ್ತಿತ್ತು. ಅಳಿಸಿಬಿಟ್ಟೆ. ಕಾಡಿನಲ್ಲಿ ಜನರೂ ಇರುತ್ತಾರೆ, ಅವರ ಮಾತು ಅವರದು. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಈಗ ರೇಡಾರ್. ಮೀನಿನ ದೋಣಿಗಳ ನೆತ್ತಿಯ ಮೇಲೆ ಒಂದು ಬಿಳಿ ಕೋಲು ತಿರುಗುತ್ತಿರುತ್ತದಲ್ಲ, ಅಂಥದ್ದೇ. ಕೋಲು ಸುತ್ತಲೂ ಅಲೆಗಳನ್ನು ಬಿಡುತ್ತದೆ, ಅವು ಏನಕ್ಕಾದರೂ ಬಡಿದು ಹಿಂತಿರುಗಿದರೆ ಪರದೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಹಾರುವ ಹಕ್ಕಿಯನ್ನೂ ಹಾಗೆ ಹಿಡಿಯಬಹುದು. ದಾಂಡೇಲಿಯಿಂದ ಮೌಳಂಗಿ ಕಡೆಗೆ ಹೋಗುವಾಗ ಸಿಗುವ ದಿಬ್ಬದ ಮೇಲೆ ಅದನ್ನು ನಿಲ್ಲಿಸಿದೆವು. ಕಾಳಿ ನದಿಯ ದಂಡೆಯ ಎತ್ತರದ ಮರಗಳಿಗೆ ಸಂಜೆ ಸಂಜೆ ಮಂಗಟ್ಟೆ ಹಕ್ಕಿಗಳು ರಾತ್ರಿ ತಂಗಲು ಬರುತ್ತವೆ. ಉದ್ದ ಕೊಕ್ಕಿನ, ಅದರ ಮೇಲೊಂದು ಟೊಪ್ಪಿಗೆ ಇಟ್ಟಂತಿರುವ ದೊಡ್ಡ ಹಕ್ಕಿ. ಅವುಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಬೇಕಿತ್ತು.

ನಮ್ಮ ಯೋಜನೆಯ ಮುಖ್ಯಸ್ಥೆ ಕುಲಕರ್ಣಿ ಮೇಡಂ. ಧಾರವಾಡದವರು, ನನಗಿಂತ ಆರು ವರ್ಷ ಚಿಕ್ಕವರು, ಆದರೆ ಅವರ ಮುಂದೆ ನಿಂತಾಗ ನಾನೇ ಚಿಕ್ಕವನು. ಜುಜೆ ನಮ್ಮ ಹಕ್ಕಿ ಎಣಿಕೆಯವನು. ಹಳಿಯಾಳ ತಾಲ್ಲೂಕಿನ ಸಿದ್ದಿಗಳ ಹಳ್ಳಿಯವನು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು, ಮನೆಯಲ್ಲಿ ಕೊಂಕಣಿ, ನನ್ನ ಕೂಡ ಕನ್ನಡ. ವರ್ಷವರ್ಷಕ್ಕೆ ಮುಂದುವರಿಸುವ ಗುತ್ತಿಗೆ ಕೆಲಸ ಅವನದು. ಅವನ ಪದ್ಧತಿ ಹೀಗೆ: ಬಲಗಡೆ ಜೇಬಿನಲ್ಲಿ ಗೋಲಿಯಂಥ ಗಜಗದ ಕಾಯಿಗಳು. ಹತ್ತು ಹಕ್ಕಿ ಬಂದರೆ ಒಂದು ಕಾಯಿ ಎಡಗಡೆ ಜೇಬಿಗೆ. ಕತ್ತಲಾಗುವ ಮೊದಲು ಎಡಗಡೆಯ ಕಾಯಿಗಳನ್ನು ಎಣಿಸಿ, ಬೆರಳಲ್ಲಿ ಹಿಡಿದ ಚಿಲ್ಲರೆ ಸೇರಿಸಿ ರಿಜಿಸ್ಟರಿನಲ್ಲಿ ಬರೆಯುವುದು.

ರೇಡಾರ್ ಬಂದ ಹೊಸತರಲ್ಲಿ, ಮೊದಲ ಮಳೆ ಬಿದ್ದ ಸಂಜೆ, ಪರದೆ ತುಂಬ ಚುಕ್ಕೆಗಳು. ದಿಬ್ಬದ ಸುತ್ತ ಹಕ್ಕಿಗಳ ಸಂತೆ. ನಾನು ಮೇಡಂಗೆ ಫೋನ್ ಮಾಡಿ, ಇಷ್ಟು ದೊಡ್ಡ ಗುಂಪು ಈ ಕಡೆ ಯಾರೂ ಕಂಡಿಲ್ಲ ಎಂದು ಹೇಳುತ್ತಿರುವಾಗಲೇ ಜುಜೆ ತಲೆ, ಕೊರಳು ಕೊಡವುತ್ತ ಬಂದ.

‘ಸಾಹೇಬ್ರ, ನಿಮ್ಮ ಹಕ್ಕಿ ನನ್ನ ಅಂಗಿ ಒಳಗ ಹೊಕ್ಕಾವು. ಹೊರಗ ತಗೀರಿ ಮೊದಲ.’

ಹುತ್ತದಿಂದ ಎದ್ದ ರೆಕ್ಕೆಯ ಹುಳುಗಳು. ಫೋನಿನ ಆ ಕಡೆಯಿಂದ ಮೇಡಂ, ‘ಏನಂತಾನ್ರೀ ಜುಜೆ?’ ಎಂದು ಕೇಳಿದರು. ನಾನು ಸಿಗ್ನಲ್ ಹೋಯಿತು ಎಂದು ಇಟ್ಟುಬಿಟ್ಟೆ.

ಮಳೆಗಾಲ ಮುಗಿದು ದೀಪಾವಳಿ ಬಂತು. ನದಿಯಾಚೆ, ರೇಡಾರಿಗೆ ಎದುರಾಗಿ, ಒಂದು ಸಾಲು ಮನೆಗಳಿದ್ದವು. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬೆಳಗಾವಿ, ಧಾರವಾಡ ಕಡೆಯಿಂದ ಬಂದು ನೆಲೆಸಿದವರು. ಅಲ್ಲಿನ ಪಾಟೀಲ ಅಕ್ಕೋರು ಒಂದು ದಿನ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಸುತ್ತು ಹಾಕಿ ದಿಬ್ಬ ಹತ್ತಿ ಬಂದರು.

‘ಏನ್ರೀ ಸಾಹೇಬ್ರ, ನಿಮ್ಮ ಗಿರಿಗಿಟ್ಲಿ ತಿರುಗಾಕ ಹತ್ತಿದಾಗಿಂದ ನಮ್ಮ ಟೀವ್ಯಾಗ ಮಂದಿ ಮಾರಿ ಮ್ಯಾಲ ಗೆರಿ. ಹಬ್ಬಕ್ಕ ಬೀಗರು ಬಂದಾರ. ಅವರ ಮುಂದ ನಮ್ಮ ಮಾನ ಹೋಗೂದು ನೋಡ್ತೀರೇನು?’

‘ಅಕ್ಕೋರ, ಇದಕ್ಕೂ ಟೀವಿಗೂ ಸಂಬಂಧ ಇಲ್ಲರೀ.’

‘ನೀವು ನಮ್ಮನಿಗೆ ಬಂದು ಟೀವಿ ನೋಡೀರೇನು?’

ನೋಡಿರಲಿಲ್ಲ. ಆಧಾರ ಕೇಳುವ ವಿದ್ಯೆ ನನ್ನೊಬ್ಬನದೇ ಅಲ್ಲ ಎಂದು ಆಗ ತಿಳಿಯಿತು. ಅಷ್ಟರಲ್ಲಿ ಡಬ್ಬಿ ತೆರೆಯಿತು. ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ. ನಮ್ಮ ಕಡೆ ದೀಪಾವಳಿಯ ಫರಾಳವನ್ನು ಬೇಡ ಅನ್ನುವವರಿಲ್ಲ. ಎರಡನೆಯ ಕರ್ಚಿಕಾಯಿ ಮುಗಿಯುವ ಹೊತ್ತಿಗೆ ನಾನು ರೇಡಾರಿನಲ್ಲಿ ಒಂದು ಗುಂಡಿ ಒತ್ತಿದ್ದೆ. ನಮಗೆ ಬೇಡವಾದ ದಿಕ್ಕಿಗೆ ಕೋಲು ತಿರುಗಿದಾಗ ಅಲೆ ಬಿಡದೆ ಸುಮ್ಮನಿರು ಎಂದು ಹೇಳುವ ಸೌಲಭ್ಯ ಅದರಲ್ಲಿದೆ. ಮನೆಗಳ ಸಾಲಿನ ದಿಕ್ಕಿಗೆ ಅಷ್ಟಗಲ ಬಾಯಿ ಮುಚ್ಚಿಸಿದೆ. ಹಬ್ಬ ಮುಗಿದು ಬೀಗರು ಹೋಗುವ ತನಕ ಮಾತ್ರ ಎಂದುಕೊಂಡೆ.

ಬೀಗರು ಹೋದರು. ನಾನು ಮರೆತೆ.

ಮರೆಯಲು ಕಾರಣವಿತ್ತು. ನಾನು ದಿಬ್ಬದ ಮೇಲೆ ಕೂರುತ್ತಿರಲಿಲ್ಲ. ಯಂತ್ರ ತಾನೇ ಓಡುತ್ತಿತ್ತು, ದಿನದ ಕೊನೆಗೆ ಒಂದು ಕೋಷ್ಟಕ ಮಾಡಿ ಕಳಿಸುತ್ತಿತ್ತು. ನದಿ, ಕಾಡು, ದಂಡೆ ಎಲ್ಲವನ್ನೂ ಚೌಕಗಳಾಗಿ ಕೊಯ್ದು, ಒಂದೊಂದು ಚೌಕದಲ್ಲಿ ಇಷ್ಟು ಹಕ್ಕಿ ಎಂದು. ನಾನು ಹಳಿಯಾಳದ ಕಬ್ಬಿನ ಗದ್ದೆಗೆ ಬಂದ ಆನೆಯ ಹಿಂದೆ ಹೋಗುತ್ತಿದ್ದೆ, ಸನವಳ್ಳಿ ಕೆರೆಯ ಬಾತುಕೋಳಿಗಳ ಹಿಂದೆ ಹೋಗುತ್ತಿದ್ದೆ, ರಾತ್ರಿ ಅಂಬಿಕಾನಗರದ ನನ್ನ ಖೋಲಿಗೆ ಬಂದು ಕೋಷ್ಟಕ ನೋಡುತ್ತಿದ್ದೆ. ಬೇರೆಲ್ಲ ಚೌಕಗಳಲ್ಲಿ ಅಂಕಿಗಳಿದ್ದವು, ಯಂತ್ರ ಸರಿಯಾಗಿದೆ ಎಂದು ನಂಬಲು ಅಷ್ಟು ಸಾಕಾಯಿತು. ಮಂಗಟ್ಟೆಗಳು ತಂಗುವ ದಂಡೆಯ ಚೌಕಗಳಲ್ಲಿ ಮಾತ್ರ ಸೊನ್ನೆ, ಸೊನ್ನೆ, ಸೊನ್ನೆ.

ಜುಜೆಯ ರಿಜಿಸ್ಟರಿನಲ್ಲಿ ಅದೇ ದಂಡೆಗೆ ಮೂವತ್ತೆಂಟು, ನಲವತ್ತೊಂದು, ಒಂದು ಸಂಜೆಗಂತೂ ಐವತ್ನಾಲ್ಕು.

ನಾನು ಎರಡು ಪುಟ ಬರೆದೆ. ‘ಎಣಿಕೆಯವರ ಸಂಖ್ಯೆಗಳಿಗೆ ರೇಡಾರಿನ ಆಧಾರ ದೊರೆಯುವುದಿಲ್ಲ’ ಎಂಬ ವಾಕ್ಯ ಅದರಲ್ಲಿತ್ತು. ಬರೆದಾಗ ಬಹಳ ಸೊಗಸಾಗಿದೆ ಅನಿಸಿತ್ತು. ಮೇಡಂ ಓದಿ ಕನ್ನಡಕ ತೆಗೆದರು.

‘ಆಧಾರ ಇಲ್ಲ ಅಂದ್ರೇನ್ರೀ? ಜುಜೆ ಸುಳ್ಳು ಬರದಾನ ಅಂತನೋ?’

‘ಹಂಗಲ್ಲ ಮೇಡಂ. ಡೇಟಾ ಹಂಗ ಹೇಳ್ತೈತಿ.’

‘ಡೇಟಾಕ್ಕ ಬಾಯಿ ಐತೇನು? ಹೇಳಾಕತ್ತವ್ರು ನೀವು. ಸೋಮವಾರ ಮೀಟಿಂಗ್ ಐತಿ. ರೇಡಾರ್ ಬಂದಮ್ಯಾಲ ಎಣಿಸವ್ರು ಯಾಕ ಬೇಕು ಅಂತ ಮ್ಯಾಲಿನವ್ರು ಮೊದಲ ಕೇಳಾಕತ್ತಾರ. ನಿಮ್ಮ ಈ ಎರಡು ಹಾಳಿ ಇಟ್ರ ಜುಜೆನ ಕೆಲಸ ಅವತ್ತ ಮುಗೀತು. ತಿಳದು ಬರದೀರಿಲ್ಲೋ?’

ತಿಳಿದೇ ಬರೆದಿದ್ದೇನೆ ಅಂದೆ. ಅಂದೆನೋ, ಬರೀ ತಲೆ ಅಲ್ಲಾಡಿಸಿದೆನೋ. ಎರಡೂ ಒಂದೇ.

ಶುಕ್ರವಾರ ಜುಜೆಗೆ ನಾನೇ ಹೇಳಬೇಕಾಯಿತು. ನದಿ ದಂಡೆಯ ಅವನ ಬಂಡೆಯ ಮೇಲೆ ಕುಳಿತಿದ್ದ. ಸುತ್ತಿ ಬಳಸಿ, ಜೇಬಿಗೆ ತೂತು ಬಿದ್ದು ಲೆಕ್ಕ ತಪ್ಪಿರಬಹುದೇ ಎಂದು ಕೇಳಿದೆ. ಅವನು ಎದ್ದು ನಿಂತು ಎರಡೂ ಜೇಬು ಹೊರಗೆ ಎಳೆದು ತೋರಿಸಿದ. ನಾಯಿಯ ನಾಲಿಗೆಯ ಹಾಗೆ ಜೋತುಬಿದ್ದವು.

‘ನನ್ನ ಹೆಂಡ್ತಿ ಎರಡು ಹೊಲಿಗಿ ಹಾಕ್ಯಾಳ. ಮತ್ತ, ತೂತು ಬಿದ್ರ ಲೆಕ್ಕ ಕಡಿಮಿ ಆಗ್ತೈತೋ ಜಾಸ್ತಿ ಆಗ್ತೈತೋ ಸಾಹೇಬ್ರ? ನೀವು ಕಲ್ತವ್ರು, ನೀವ ಹೇಳ್ರಿ.’

ನಾನು ಆ ಎರಡು ಪುಟದ ವಿಷಯ, ಸೋಮವಾರದ ಮೀಟಿಂಗಿನ ವಿಷಯ ಹೇಳಿಬಿಟ್ಟೆ.

‘ಕೆಲಸ ಹೋದ್ರ ಹೋಗ್ಲಿ, ಕಬ್ಬು ಕಡೀತೇನಿ,’ ಎಂದ ಅವನು ಜೇಬು ಒಳಗೆ ಹಾಕುತ್ತ. ‘ಆದ್ರ ಜುಜೆ ಇಲ್ಲದ ಹಕ್ಕಿ ಲೆಕ್ಕಾ ಬರದಾನ ಅಂತ ಊರಾಗ ಅಂದ್ರ ನನ್ನ ಮಗಳ ಮುಂದ ಹೆಂಗ ಕುಂದರ್ಲಿ? ಆಕಿಗೆ ಎಣಿಸಾಕ ಕಲಿಸಿದಾಂವ ನಾನು. ಒಂದು ಕೆಲಸಾ ಮಾಡ್ರಿ. ನಾಳೆ ಸಂಜಿಕೆ ನೀವು ನಿಮ್ಮ ಮಶೀನ್ ಮುಂದ ಕುಂದರ್ರಿ, ನಾನೂ ಕುಂದರ್ತೇನಿ. ಹಕ್ಕಿ ಬರ್ತಾವು, ಅವೇನು ನಮ್ಮ ಮೀಟಿಂಗಿಗೆ ಕಾಯೂದಿಲ್ಲ.’

ಶನಿವಾರ ಸಂಜೆ ಇಬ್ಬರೂ ದಿಬ್ಬದ ಮೇಲೆ ಕುಳಿತೆವು. ಸೂರ್ಯ ಮರಗಳ ತುದಿಗೆ ಬಂದಿದ್ದ. ಮೊದಲ ಜೋಡಿ ಬರುವುದನ್ನು ಜುಜೆ ನೋಡುವುದಕ್ಕಿಂತ ಮೊದಲು ಕೇಳಿಸಿಕೊಂಡ. ನಾನು ಪರದೆಗೆ ಕಣ್ಣು ನೆಟ್ಟಿದ್ದೆ. ಎರಡು ಚುಕ್ಕೆ ಮೂಡಿದವು, ನದಿಯ ಕಡೆ ಸರಿದವು, ಮತ್ತೆ ಇಲ್ಲ. ಹಿಂದೆ ನಾಲ್ಕು ಬಂದವು. ಅವೂ ಅದೇ ಜಾಗದಲ್ಲಿ ಮಾಯ. ಹೊರಗೆ ಅವು ತಣ್ಣಗೆ ಹಾರಿಹೋಗಿ ಮರದಲ್ಲಿ ಕೂರುತ್ತಿದ್ದವು.

ಜುಜೆ ಪರದೆಯ ಮೇಲೆ ಬೆರಳಿಟ್ಟ. ‘ಇಲ್ಲಿ ಬಂದ ಕೂಡ್ಲೆ ಸಾಯ್ತಾವೇನ್ರಿ? ನೋಡ್ರಿ, ಸ್ಕೇಲ್ ಇಟ್ಟು ಗೆರಿ ಹೊಡದಂಗ ಐತಿ. ಕಾಡಿನ್ಯಾಗ ಇಷ್ಟು ನೆಟ್ಟಗಿಂದು ಏನೈತಿ?’

ನಿಜ. ಚುಕ್ಕೆಗಳು ಸಾಯುತ್ತಿದ್ದ ಜಾಗ ನೇರ ಗೆರೆಯಾಗಿತ್ತು. ಆಚೆ ಇನ್ನೊಂದು ನೇರ ಗೆರೆ. ನಡುವೆ ರೊಟ್ಟಿಯಿಂದ ಒಂದು ತುಂಡು ಹರಿದು ತೆಗೆದಂತೆ ಕಪ್ಪು. ಆಗಲೂ ನನಗೆ ನೆನಪಾಗಲಿಲ್ಲ. ಯಂತ್ರ ಕೆಟ್ಟಿದೆ ಎಂದೇ ಬೈಯತೊಡಗಿದೆ. ಆ ಹೊತ್ತಿಗೆ ಸಂಜೆಯ ವಾಕಿಂಗ್ ಮಾಡುತ್ತ ಪಾಟೀಲ ಅಕ್ಕೋರು ಬಂದರು.

‘ಸಾಹೇಬ್ರ, ನಿಮ್ಮ ಉಪಕಾರ ಮರಿಯಂಗಿಲ್ಲ ನೋಡ್ರಿ. ಅವತ್ತು ನೀವು ನಮ್ಮ ಕಡೆ ಬಂದ್ ಮಾಡಿದ್ದು, ಟೀವಿ ಇನ್ನೂ ತನಕ ಕನ್ನಡಿ ಕನ್ನಡಿ ಆಗೈತಿ!’

ಜುಜೆ ಅವರನ್ನು ನೋಡಿದ. ನನ್ನನ್ನು ನೋಡಿದ. ಪರದೆಯನ್ನು ನೋಡಿದ.

‘ಏನು ಬಂದ್ ಮಾಡ್ಯಾರ್ರಿ ಅಕ್ಕಾ?’

‘ಅದ ಪಾ, ಈ ಕಡೆ ನೋಡಬ್ಯಾಡ ಅಂತ ಅದಕ್ಕ ಹೇಳ್ಯಾರ. ಕರ್ಚಿಕಾಯಿ ಕೊಟ್ಟಿದ್ನೆಲ್ಲ.’

ಜುಜೆ ನಕ್ಕ ನಗೆ ನದಿಯಾಚೆಗೆ ಕೇಳಿಸಿರಬೇಕು. ದಿಬ್ಬದ ಮೇಲೆ ಬಿದ್ದು ನಕ್ಕ. ‘ಕರ್ಚಿಕಾಯಿ ತಿಂದು ನನ್ನ ಹಕ್ಕಿ ನುಂಗಿದ್ರೆಲ್ಲ ಸಾಹೇಬ್ರ!’ ಎಂದ. ನಾನು ಆ ಗುಂಡಿ ಹುಡುಕಿ ಬಾಯಿ ಬಿಡಿಸಿದೆ. ಕೋಲು ಒಂದು ಸುತ್ತು ಬರುವಷ್ಟರಲ್ಲಿ ಕಪ್ಪು ತುಂಡು ತುಂಬಿತು. ಮರಗಳು, ದಂಡೆ, ಅದರ ಕಡೆಗೆ ಸಾಲಾಗಿ ಹಾರುವ ಚುಕ್ಕೆಗಳು. ಟೀವಿಯ ಮೇಲೆ ಗೆರೆ ನಿಜವಾಗಿಯೂ ಬರುತ್ತಿತ್ತೇ ಎಂದು ಪರೀಕ್ಷಿಸಲು ಆಮೇಲೂ ನಾನು ಅವರ ಮನೆಗೆ ಹೋಗಲಿಲ್ಲ. ಗಿರಿಗಿಟ್ಲಿಯನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿ, ಮನೆಗಳು ಮರಗಳ ಮರೆಗೆ ಹೋಗುವಂತೆ ಮಾಡಿದೆ.

ಈ ಕೆಲಸಕ್ಕೆ ಬರುವವರು ಉಳಿದದ್ದೆಲ್ಲ ಮರೆತರೂ ಇದನ್ನು ನೆನಪಿಡಿ. ನೋಡಿ ಏನೂ ಕಾಣದಿದ್ದರೆ ಅದು ಸೊನ್ನೆ. ನೋಡದೇ ಇದ್ದರೆ ಅದು ಸೊನ್ನೆಯಲ್ಲ, ಖಾಲಿ. ನಮ್ಮ ಸಾಫ್ಟ್‌ವೇರ್ ಖಾಲಿ ಜಾಗದಲ್ಲೆಲ್ಲ ಸೊನ್ನೆ ಬರೆಯುತ್ತಿತ್ತು. ಎಂ.ಎಸ್ಸಿ. ಮಾಡಿದ ನಾನು ಅದನ್ನು ಓದಿ ಒಬ್ಬ ಮನುಷ್ಯನನ್ನು ಸುಳ್ಳುಗಾರ ಮಾಡಿದ್ದೆ.

ಸೋಮವಾರದ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ‘ತಪ್ಪು ಜುಜೆದಲ್ಲ, ನಂದು’ ಎಂದು ಗಟ್ಟಿಯಾಗಿ ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಇತ್ತೀಚೆಗೆ ಮೇಡಂಗೆ ಇದನ್ನು ಹೇಳಿದರೆ ಅವರು, ‘ಎದ್ದು ನಿಂತಿದ್ದು ಖರೇ. ನೀವು ಯಾವ ಮೀಟಿಂಗಿನ್ಯಾಗ ಕುಂತೀರಿ? ಏನು ಅಂದ್ರಿ ಅಂತ ಯಾರಿಗೂ ತಿಳೀಲಿಲ್ಲ. ಮೊದಲ ನೀವು ಚಹಾ ಚೆಲ್ಲಿದ್ರಿ, ನಾವೆಲ್ಲ ಹಾಳಿ ಉಳಸ್ಕೊಳ್ಳೂದ್ರಾಗ ಇದ್ವಿ’ ಎಂದರು. ಏನೇ ಇರಲಿ, ನನ್ನ ಎರಡು ಪುಟ ಹಿಂದಕ್ಕೆ ಬಂದವು, ಜುಜೆಯ ಕೆಲಸ ಉಳಿಯಿತು. ಜೊತೆಗೆ ಮೇಡಂ ಒಂದು ನಿಯಮ ಮಾಡಿದರು. ವಾರಕ್ಕೊಂದು ಸಂಜೆ ಜುಜೆ ದಂಡೆಯಲ್ಲಿ ಕುಳಿತು ಎಣಿಸಬೇಕು, ರೇಡಾರಿನ ಕೋಷ್ಟಕದ ಕೆಳಗೆ ಅವನ ಸಹಿ ಇರಬೇಕು, ಸಹಿ ಇಲ್ಲದ ಹಾಳಿ ತಮ್ಮ ಟೇಬಲ್ಲಿಗೆ ಬರಕೂಡದು. ನಾನು ನಿವೃತ್ತನಾಗುವ ತನಕ ಜುಜೆ ನನ್ನ ಕೋಷ್ಟಕಗಳಿಗೆ ಸಹಿ ಹಾಕಿದ. ಪ್ರತಿ ಸಲ, ‘ಈ ವಾರ ಏನು ತಿಂದೀರಿ?’ ಎಂದು ಕೇಳಿಯೇ ಹಾಕುತ್ತಿದ್ದ.

ಒಂದು ಮಾತ್ರ ಉಳಿದುಬಿಟ್ಟಿತ್ತು. ಅಲೆ ಬಿಡದ ದಿನಗಳ ಸಂಜೆಗಳನ್ನು ಯಾವ ರೇಡಾರೂ ಹಿಂದಕ್ಕೆ ಹೋಗಿ ನೋಡಲಾರದು. ಮೀಟಿಂಗ್ ಮುಗಿದು ಹೊರಗೆ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದಾಗ ಜುಜೆ ನನ್ನ ಹತ್ತಿರ ಮೆಲ್ಲಗೆ ಹೇಳಿದ್ದ: ‘ಈಗ ಬರ್ತಾವು ಅನ್ನೂದು ಖರೇ ಆತು. ಅವತ್ತು ಐವತ್ನಾಲ್ಕು ಬಂದಿದ್ವು ಅನ್ನೂದು ಖರೇ ಆಗ್ಲಿಲ್ಲಲ್ರೀ.’ ಆಗಿರಲಿಲ್ಲ. ಐವತ್ನಾಲ್ಕು ಹೆಚ್ಚೇ ಆಯಿತು ಎಂದು ನನಗೂ ಒಳಗೊಳಗೆ ಅನುಮಾನವಿತ್ತು. ಅವನ ಮುಂದೆ ಎಂದೂ ಆಡಲಿಲ್ಲ. ಅವನಿಗೆ ಗೊತ್ತಿತ್ತು.

ನಿವೃತ್ತಿಯ ಮರುವರ್ಷ ಹಳಿಯಾಳದಲ್ಲಿ ಜೀವಶಾಸ್ತ್ರ ಕಲಿಸುವ ಒಬ್ಬ ಉಪನ್ಯಾಸಕಿ, ಹಳೆಯ ಫೈಲುಗಳನ್ನು ತೆಗೆಯುವಾಗ ಸಿಕ್ಕಿತು ಎಂದು ಒಂದು ವಿಡಿಯೋ ಕಳಿಸಿದರು. ವಿದ್ಯಾರ್ಥಿಗಳನ್ನು ನಮ್ಮ ಅದೇ ನದಿ ದಂಡೆಗೆ ಕರೆದುಕೊಂಡು ಬಂದು, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಹಕ್ಕಿ ಬರುವ ಹೊತ್ತನ್ನು ಪೂರ್ತಿ ಹಿಡಿದಿದ್ದರು. ಶುರುವಿನಲ್ಲಿ ಊರು, ತಾರೀಖು, ಹೊತ್ತು ಬಾಯಲ್ಲಿ ಹೇಳುವುದು ಅವರ ಅಭ್ಯಾಸ. ತಾರೀಖು ಕೇಳಿ ನಾನು ಕುರ್ಚಿಯಿಂದ ಎದ್ದೆ. ದಾಂಡೇಲಿಗೆ ಹೋಗಿ ಕಚೇರಿಯ ಕಪಾಟಿನಿಂದ ಜುಜೆಯ ಹಳೆಯ ರಿಜಿಸ್ಟರ್ ತೆಗೆಸಿ ನೋಡಿದೆ. ಐವತ್ನಾಲ್ಕು ಬರೆದ ಅದೇ ಸಂಜೆ.

ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ಎಣಿಸಿದೆ. ಐವತ್ತೊಂದು. ಮರುದಿನ ಮತ್ತೆ ಎಣಿಸಿದೆ. ಐವತ್ತೊಂದು. ಜುಜೆಗೆ ಫೋನ್ ಮಾಡಿದೆ. ಮೂರು ಕಡಿಮೆಯಾದದ್ದನ್ನು ಹೇಗೆ ಹೇಳುವುದೆಂದು ತಡವರಿಸುತ್ತಿರುವಾಗ ಅವನೇ ಕೇಳಿದ:

‘ಹಾರಿ ಬಂದಾವನ್ನ ಅಷ್ಟ ಎಣಿಸೀರೋ, ಮೊದಲ ಬಂದು ಕುಂತಾವನ್ನೂ ಎಣಿಸೀರೋ?’

‘ಮೊದಲ ಕುಂತಾವಂದ್ರ?’

‘ಅಯ್ಯ ದೇವಾ! ಬಂಡೆಗಲ್ಲಿನ ಮ್ಯಾಲ ಕುಂತ ಕೂಡ್ಲೆ ಗಿಡದಾಗ ಮೊದಲ ಎಷ್ಟು ಅದಾವು ನೋಡೂದು. ಆಮ್ಯಾಲ ಬರಾವನ್ನ ಎಣಿಸೂದು. ಇಷ್ಟು ವರ್ಷ ನನ್ನ ಸಹಿ ತಗೊಂಡ್ರಿ, ಇದೊಂದು ಕೇಳಲಿಲ್ಲಲ್ರೀ!’

ವಿಡಿಯೋವನ್ನು ಮೊದಲಿಗೆ ತಂದು, ಉಪನ್ಯಾಸಕಿ ತಾರೀಖು ಹೇಳುತ್ತಿರುವ ಜಾಗದಲ್ಲಿ ನಿಲ್ಲಿಸಿ, ಚಿತ್ರ ದೊಡ್ಡದು ಮಾಡಿದೆ. ಒಂದೂ ಹಕ್ಕಿ ಹಾರಿ ಬರುವ ಮೊದಲೇ ಎಡಗಡೆಯ ಮರದ ತುದಿಯಲ್ಲಿ ಎರಡು, ಬಿದಿರಿನ ಹಿಂದಿನ ಕೊಂಬೆಯಲ್ಲಿ ಒಂದು ಮಂಗಟ್ಟೆ ಕುಳಿತಿದ್ದವು.